ದಾಸವಾಳಕ್ಕೆ ಹಚ್ಚಿದ ಗಂಜಿ

ನಮ್ಮ ಮನೆಗೆ ಮುಂಬಾಗಿಲಿಂದ ಬಂದವರು ಅಪ್ಪನನ್ನು ಕೇಳಿಕೊಂಡು ಬರುತ್ತಿದ್ದರು, ಹಿತ್ತಿಲ ಬಾಗಿಲಿಂದ ಬಂದವರು ನೀಲವ್ವತ್ತೆಯನ್ನು. ಬನಹಟ್ಟಿಯಲ್ಲಿ ನಮ್ಮ ಓಣಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಮುಂದೆ ಮಗ್ಗದ ಪಡಸಾಲೆ, ಅದರ ಹಿಂದೆ ಹಗಲಲ್ಲೂ ದೀಪ ಬೇಡುವ ನಡುಮನೆ, ಆಮೇಲೆ ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಿಲು. ಪಡಸಾಲೆಯಲ್ಲಿ ನೆಲ ತೋಡಿ ಕೂರಿಸಿದ ಎರಡು ಮಗ್ಗಗಳಿದ್ದವು. ಒಂದರಲ್ಲಿ ಅಪ್ಪ ಕೂರುತ್ತಿದ್ದ, ಇನ್ನೊಂದರಲ್ಲಿ ಅವ್ವ. ರೊಟ್ಟಿ ಬಡಿದು ಮುಗಿಸಿ ಅವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟಳೆಂದರೆ ಸಂಜೆಯವರೆಗೆ ಅವಳನ್ನು ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆ ಮನೆಯಲ್ಲಿ ಪ್ರತಿ ವಸ್ತುವಿಗೂ ಒಬ್ಬ ಯಜಮಾನ. ಮಗ್ಗ, ನೂಲು, ಗಂಜಿಯ ಹಂಡೆ ಅಪ್ಪನವು. ಒಲೆ, ಉಪ್ಪಿನಕಾಯಿಯ ಭರಣಿ, ಎಲ್ಲರನ್ನೂ ಬೈಯುವ ಹಕ್ಕು ಅವ್ವನವು. ನನ್ನದು ಅಂತ ಇದ್ದದ್ದು ಒಂದು ಪಾಟಿ, ಅದೂ ಮೂಲೆ ಒಡೆದದ್ದು. ನೀಲವ್ವತ್ತೆಯವು ಹಿತ್ತಿಲ ನಾಲ್ಕು ಹೂಗಿಡ.

ಅತ್ತೆ ಅಪ್ಪನ ಅಕ್ಕ. ಮುಧೋಳದಲ್ಲಿ ಹನ್ನೆರಡು ವರ್ಷ ಸಂಸಾರ ಮಾಡಿದವಳು. ಮಕ್ಕಳಾಗಲಿಲ್ಲವೆಂದು ಗಂಡ ಎರಡನೆಯವಳನ್ನು ಕರೆತಂದ ದಿನವೇ ಒಂದು ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದ್ದಳು. ಟ್ರಂಕಿನ ಮೇಲೆ ಹಸಿ ಅರಿವೆಯಲ್ಲಿ ಸುತ್ತಿದ ದಾಸವಾಳದ ಕಡ್ಡಿ ಇತ್ತಂತೆ. ಅಲ್ಲಿ ತಾನು ಬೆಳೆಸಿದ್ದರಲ್ಲಿ ಎತ್ತಿ ತರಲು ಬರುವಂಥದ್ದು ಅದೊಂದೇ ಎಂದು ಮುರಿದುಕೊಂಡು ಬಂದಳಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಆ ಕಡ್ಡಿ ಅಡುಗೆಮನೆಯ ಮಾಳಿಗೆಯ ಎತ್ತರ ಬೆಳೆದಿತ್ತು. ಆಮೇಲೆ ಕಣಗಿಲೆ, ನಂದಿಬಟ್ಟಲು, ದುಂಡುಮಲ್ಲಿಗೆ ಬಂದವು. ಓಣಿಯ ಅರ್ಧ ಮನೆಗಳ ದೇವರಿಗೆ ನಮ್ಮ ಹಿತ್ತಿಲ ಹೂವೇ ಆಗಬೇಕು. ಹೂವಿಗೆ ಬಂದ ಹೆಂಗಸರು ತಮ್ಮ ಗಿಡಗಳ ಗೋಳನ್ನೂ ತರುತ್ತಿದ್ದರು. ಒಬ್ಬಳ ಮಲ್ಲಿಗೆ ಮೊಗ್ಗು ಅರಳುವ ಮೊದಲೇ ಬಣ್ಣಗೆಟ್ಟು ಉದುರುತ್ತಿತ್ತು, ಇನ್ನೊಬ್ಬಳ ಗುಲಾಬಿ ಎಲೆಗೆ ಬೂದಿ ಬಳಿದ ಹಾಗಾಗಿತ್ತು. ಅತ್ತೆ ಬರೀ ಮಾತು ನಂಬುವವಳಲ್ಲ. ತಂದು ತೋರಿಸಿ ಎನ್ನುತ್ತಿದ್ದಳು. ಮೊಗ್ಗು ಬಿಡಿಸಿ ಒಳಗಿನ ಹುಳವನ್ನು ಎತ್ತಿ ಹಿಡಿದು, ಉದುರಿದ ಮೊಗ್ಗನ್ನೆಲ್ಲ ಆರಿಸಿ ಸುಡದೆ ಏನು ಹಾಕಿದರೂ ದಂಡ ಎನ್ನುತ್ತಿದ್ದಳು. ಬೂದಿ ಹಿಡಿದ ಗುಲಾಬಿಗೆ ಔಷಧಿ ಹೇಳುವ ಮೊದಲು ಅದಕ್ಕೆ ಬಿಸಿಲು, ಗಾಳಿ ಎಷ್ಟು ಸಿಗುತ್ತದೆಂದು ಕೇಳುತ್ತಿದ್ದಳು. ಮುಂದೆ ನಾನು ಜಮಖಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡೆ. ಗಿಡಕ್ಕೆ ಬಂದದ್ದು ರೋಗವೋ ಹುಳವೋ ಎಂದು ನೋಡದೆ ಅಂಗಡಿಯವನು ಕೊಟ್ಟ ಶೀಷೆ ತಂದು ಸುರಿಯುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಿವೃತ್ತಿಯಾದ ಮೇಲೂ ಮೊಬೈಲಿಗೆ ಎಲೆಯ ಫೋಟೋ ಕಳಿಸಿ ಉತ್ತರ ಕೇಳುವವರಿದ್ದಾರೆ. ಮೊದಲು ಬೈಯುತ್ತೇನೆ, ಆಮೇಲೆ ಉತ್ತರ ಕೊಡುತ್ತೇನೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ ಶ್ರಾವಣದಲ್ಲಿ ಮಳೆ ಸರಿಯಾಗಿ ಸುರಿಯಲೂ ಇಲ್ಲ, ಬಿಸಿಲು ಬೀಳಲೂ ಇಲ್ಲ. ಹದಿನೈದು ದಿನ ಮೋಡ ಕವಿದುಕೊಂಡೇ ಇತ್ತು. ಅಂಥ ಹವೆಯಲ್ಲಿ ಹೂಗಿಡಗಳ ಎಳೆ ಚಿಗುರಿಗೆ ಹೇನು ಹತ್ತುತ್ತದೆ. ಎಳ್ಳಿಗಿಂತ ಸಣ್ಣ ಹಸಿರು ಹುಳ, ಒಂದರ ಪಕ್ಕ ಒಂದು ಒತ್ತಿಕೊಂಡು ಕೂತು ರಸ ಹೀರುತ್ತವೆ. ಹೀರಿದ್ದನ್ನು ಪೂರಾ ಅರಗಿಸಿಕೊಳ್ಳಲಾರದೆ ಸಿಹಿ ಅಂಟನ್ನು ಹಿಂದಿನಿಂದ ಬಿಡುತ್ತವೆ. ಆ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಬೂಷ್ಟು ಬೆಳೆದು, ಇಡೀ ಎಲೆ ಒಲೆಯ ಮಸಿ ಬಳಿದಂತೆ ಕಪ್ಪಾಗುತ್ತದೆ. ದಾಸವಾಳ ಹಾಗಾಯಿತು. ಗಿಡಕ್ಕಷ್ಟೇ ಆಗಿದ್ದರೆ ಅಪ್ಪ ತಲೆ ಎತ್ತಿ ನೋಡುತ್ತಿರಲಿಲ್ಲ. ಆದರೆ ಗಂಜಿ ಹಚ್ಚಿದ ನೂಲಿನ ಲಡಿಗಳನ್ನು ಒಣಗಿಸುವ ಬಿದಿರ ಗಳ ಇದ್ದದ್ದು ಆ ಗಿಡದ ಬುಡದಲ್ಲೇ. ಹಿತ್ತಿಲಲ್ಲಿ ಗಾಳಿ ಆಡುವ ಜಾಗ ಅದೊಂದೇ. ಒಂದು ಮುಂಜಾನೆ ಬಿಳಿ ಲಡಿಗಳ ಮೇಲೆ ಅಂಟಂಟು ಚುಕ್ಕೆ ಕಂಡವು, ಎರಡು ದಿನಕ್ಕೆ ಅವು ಕಪ್ಪಾದವು. ಸೀರೆಯ ಬಿಳಿ ಒಡಲಿಗೆ ಇಟ್ಟ ನೂಲು ಅದು. ಅಪ್ಪ ಆ ಲಡಿಗಳನ್ನು ತಂದು ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಇಟ್ಟ. ಅವನು ಕೂಗಾಡುವ ಮನುಷ್ಯನಲ್ಲ, ಅದೇ ನಮಗೆ ಹೆಚ್ಚು ಭಯ.

"ಅಕ್ಕಾ, ಬೆನಕನ ಅಮಾಸಿ ತನಕ ನೋಡ್ತೇನಿ. ಅಷ್ಟರಾಗ ಇದು ಛಲೋ ಆಗಲಿಲ್ಲಂದ್ರ ದಾಸಾಳ ಕಡದು ಒಗಿತೇನಿ."

ಗಣೇಶ ಚೌತಿಯ ಮುಂಚಿನ ಆ ಅಮಾವಾಸ್ಯೆಗೆ ಯಾಕೆ ಎಂದರೆ, ಆ ದಿನ ನಮ್ಮಲ್ಲಿ ಮಗ್ಗ ನಡೆಯುವುದಿಲ್ಲ. ಮಗ್ಗವನ್ನು ಒರೆಸಿ, ಪೂಜೆ ಮಾಡಿ, ಹೂ ಏರಿಸಿ, ಉಂಡು ಮಲಗುವ ದಿನ. ಅಪ್ಪನ ಕೈಗೆ ಕೊಡಲಿ ಹಿಡಿಯುವಷ್ಟು ಪುರುಸೊತ್ತು ಸಿಗುವುದು ತಿಂಗಳಿಗೆ ಅದೊಂದೇ ದಿನ. ಅವ್ವ ಅಪ್ಪನ ಕಡೆಗೇ ಇದ್ದಳು. ನೂಲು ಕೆಟ್ಟರೆ ಉಣ್ಣುವುದೇನು ಎಂಬ ಅವಳ ಮಾತಿನಲ್ಲಿ ತಪ್ಪೂ ಇರಲಿಲ್ಲ. ಅತ್ತೆ ರೊಟ್ಟಿಯ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸದೆ, ತಮ್ಮನ ಮುಖ ನೋಡದೆ ಹೇಳಿದಳು.

"ಕಡಿ ತಮ್ಮಾ. ಗಿಡ ಕಡದ ದಿನ ನಾನೂ ಈ ಮನ್ಯಾಗ ಇರೂದಿಲ್ಲ. ಜಮಖಂಡ್ಯಾಗ ಹುಡುಗರ ಬೋರ್ಡಿಂಗಿನ್ಯಾಗ ಅಡಗಿ ಮಾಡಾಕ ಹೆಣ್ಮಕ್ಕಳು ಬೇಕಾಗ್ಯಾರಂತ."

ಅವಳು ಸುಮ್ಮನೆ ಬೆದರಿಸುವವಳಲ್ಲ. ಒಮ್ಮೆ ಟ್ರಂಕು ಎತ್ತಿಕೊಂಡು ಬಂದವಳು ಇನ್ನೊಮ್ಮೆ ಎತ್ತಿಕೊಂಡು ಹೋಗಬಲ್ಲಳು ಎಂದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ನನ್ನ ತಲೆ ಬಾಚುತ್ತಿದ್ದವಳು ಅತ್ತೆ, ಜ್ವರ ಬಂದಾಗ ಪಕ್ಕದಲ್ಲಿ ಮಲಗುತ್ತಿದ್ದವಳು ಅತ್ತೆ, ಅವ್ವನ ಬೈಗುಳಕ್ಕೆ ಅಡ್ಡ ನಿಲ್ಲುತ್ತಿದ್ದವಳೂ ಅತ್ತೆ. ಅಂದಿನಿಂದ ಸಾಲೆ ಬಿಟ್ಟ ಕೂಡಲೇ ಹಿತ್ತಿಲಿಗೆ ಓಡುವುದು ನನ್ನ ಕೆಲಸವಾಯಿತು.

ಅತ್ತೆಯ ಕೆಲಸದಲ್ಲಿ ಗಡಿಬಿಡಿ ಇರಲಿಲ್ಲ. ಮೊದಲ ದಿನ ಹೇನು ಕಿಕ್ಕಿರಿದ ತುದಿಗಳನ್ನು ಕತ್ತರಿಸಿ ಬಚ್ಚಲ ಒಲೆಗೆ ಹಾಕಿದೆವು. ಎರಡನೆಯ ದಿನ ಅಂಟುವಾಳದ ಕಾಯಿ ನೆನೆಸಿ ಕಿವುಚಿ, ಆ ನೊರೆನೀರಿನಿಂದ ಎಲೆಗಳನ್ನು ಹಿಂದೆ ಮುಂದೆ ತೊಳೆದೆವು. ಅತ್ತೆ ಏಣಿಯ ಮೇಲೆ, ನಾನು ಕೆಳಗೆ. ಹಿಂಬದಿ ಬಿಟ್ಟು ಮುಂದಷ್ಟೇ ತೊಳೆದರೆ ಮೇಲಿನಿಂದ ತಲೆಯ ಮೇಲೆ ನೀರು ಬೀಳುತ್ತಿತ್ತು. ಮೂರನೆಯ ಉಪಾಯ ನೇಕಾರರ ಮನೆಯದು. ನೂಲು ಗಟ್ಟಿಯಾಗಲೆಂದು ಹಚ್ಚುವ ಹಿಟ್ಟಿನ ಗಂಜಿಯನ್ನೇ ಅತ್ತೆ ಬೇರೆ ಪಾತ್ರೆಯಲ್ಲಿ ತೆಳ್ಳಗೆ ಕಾಸಿ, ಆರಿಸಿ, ಅಪ್ಪನ ಹಳೆಯ ಗಂಜಿಕುಂಚದಿಂದ ಎಲೆಗಳಿಗೆ ಎರಚುತ್ತಿದ್ದಳು. ಗಂಜಿ ಒಣಗಿ ಬಿರಿದು ಹಕ್ಕಳೆಯಾಗಿ ಎದ್ದು ಬಂದರೆ ಅದರ ಜೊತೆಗೆ ಮಸಿಯೂ ಏಳುತ್ತದೆ. ಮುಂದೆ ನಾನು ಓದಿದ ತೋಟಗಾರಿಕೆಯ ಪುಸ್ತಕಗಳಲ್ಲಿ ಇದೇ ಉಪಾಯವನ್ನು ದೊಡ್ಡ ಸಂಶೋಧನೆ ಎಂಬಂತೆ ಬರೆದದ್ದು ಕಂಡು ನಕ್ಕಿದ್ದೇನೆ.

ಅಮಾವಾಸ್ಯೆಗೆ ಇನ್ನು ಐದು ದಿನ ಇತ್ತು. ಕೆಳಗಿನ ಕೊಂಬೆಗಳ ಮಸಿ ಎದ್ದಿತ್ತು, ಮೇಲಿನವು ಉಳಿದಿದ್ದವು. ಅತ್ತೆ ರಬಕವಿಯಲ್ಲಿ ಸಂಬಂಧಿಕರ ಮನೆಯ ಸೀಮಂತಕ್ಕೆ ಹೋಗಿದ್ದಳು. ಬರುವುದರೊಳಗೆ ಮೇಲಿನ ಕೊಂಬೆ ಮುಗಿಸಿ ಅವಳನ್ನು ಬೆರಗುಗೊಳಿಸಬೇಕೆಂದು ನನಗೆ ಹುಕಿ ಬಂತು. ಅವಳ ಪಾತ್ರೆ ಬರಿದಾಗಿತ್ತು. ಹೊಸದಾಗಿ ಕಾಸಲು ಒಲೆ ಮುಟ್ಟಿದರೆ ಅವ್ವ ಬಿಡುವುದಿಲ್ಲ. ಪಡಸಾಲೆಯ ಮೂಲೆಯಲ್ಲಿ ಅಪ್ಪನ ಹಂಡೆ ತುಂಬ ಗಂಜಿ ಇತ್ತು. ಗಂಜಿ ಗಂಜಿಯೇ ಅಲ್ಲವೇ ಎಂದುಕೊಂಡೆ. ತಂಬಿಗೆಯಲ್ಲಿ ಮೊಗೆಯುವಾಗ ಅದು ಸಾದಾ ಬಿಳಿಯಲ್ಲ, ತೆಳು ನೀಲಿ ಎಂದು ಕಂಡಿತು. ಇದನ್ನು ನಾನು ಮುಚ್ಚಿಡುವುದಿಲ್ಲ: ಕಂಡಿತು, ಆದರೆ ಯಾರನ್ನೂ ಕೇಳಲಿಲ್ಲ. ಕೇಳಿದರೆ ಬೇಡ ಎಂದಾರು ಎಂಬ ಹೆದರಿಕೆ. ಏಣಿ ಹತ್ತಿ ಮೇಲಿನಿಂದ ಕೆಳಗಿನವರೆಗೆ, ಅತ್ತೆಗಿಂತ ದಪ್ಪಗೆ, ಒಂದೆಲೆ ಬಿಡದೆ ಎರಚಿದೆ.

ಮೂರನೆಯ ದಿನ ಎಲೆಗಳ ಅಂಚು ಸುಟ್ಟ ರೊಟ್ಟಿಯ ಹಾಗೆ ಕಂದಾಯಿತು. ನಾಲ್ಕನೆಯ ದಿನ ಉದುರತೊಡಗಿದವು. ಅತ್ತೆ ಒಂದೆಲೆ ಎತ್ತಿ ಉಗುರಿನಿಂದ ಕೆರೆದಳು, ಮೂಸಿದಳು, ಆಮೇಲೆ ನನ್ನನ್ನು ಹತ್ತಿರ ಕರೆದು ಲಂಗದ ಅಂಚು ಹಿಡಿದು ನೋಡಿದಳು. ಅಲ್ಲಿ ನೀಲಿ ಕಲೆ ಇತ್ತು. ಥಂಡಿ ಹವೆಗೆ ನೂಲಿಗೆ ಬೂಷ್ಟು ಹಿಡಿಯಬಾರದೆಂದು ಅಪ್ಪ ಆ ವಾರ ಗಂಜಿಗೆ ನೀಲಿ ಹರಳಿನ ಮೈಲುತುತ್ತ ಬೆರೆಸಿದ್ದ. ಅದು ಅವನಿಗೂ ಅವ್ವನಿಗೂ ಅಷ್ಟೇ ಗೊತ್ತಿದ್ದ ಸಂಗತಿ, ಯಾಕೆಂದರೆ ಆ ಹಂಡೆಯನ್ನು ಬೇರೆ ಯಾರೂ ಮುಟ್ಟುವ ಪದ್ಧತಿ ಇರಲಿಲ್ಲ. ಅತ್ತೆ ನನ್ನ ಲಂಗ ಬಿಚ್ಚಿಸಿ ತೊಳೆದು ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಸಂಜೆ ಅಪ್ಪ ಗಿಡ ನೋಡಿ ಇದೇನೆಂದು ಕೇಳಿದಾಗ, ತನ್ನ ಕೈಯೇ ತಪ್ಪಿತು, ಅಂಟುವಾಳದ ನೀರು ಖಾರವಾಯಿತು ಎಂದು ಹೇಳಿ ಒಳಗೆ ಹೋದಳು. ಮರುದಿನ ಮುಂಜಾನೆ ಅಟ್ಟದ ಮೇಲಿದ್ದ ಟ್ರಂಕು ನಡುಮನೆಯ ನೆಲದ ಮೇಲೆ ಇತ್ತು.

ಬೆನಕನ ಅಮಾವಾಸ್ಯೆಯ ದಿನ ಅವ್ವ ಕಡಬು ಬೇಯಿಸಿದ್ದಳು. ಮಗ್ಗದ ಪೂಜೆಗೆ ದಾಸವಾಳ ಇರಲಿಲ್ಲ, ಕಣಗಿಲೆ ಏರಿಸಿದರು. ಉಂಡ ಮೇಲೆ ಅಪ್ಪ ಕೊಡಲಿ ಹುಡುಕಿದ. ಹಾಳಾಗುವ ಗಿಡ ಹೇಗೂ ಹಾಳಾಯಿತು, ಇನ್ನು ಅದನ್ನು ಇಟ್ಟುಕೊಂಡು ಮಾಡುವುದೇನು ಎಂದು ಅವನ ಲೆಕ್ಕ. ಅತ್ತೆ ಹಿತ್ತಿಲ ಬಾಗಿಲಲ್ಲಿ ಒಗೆದ ಸೀರೆ ಉಟ್ಟು ನಿಂತಿದ್ದಳು, ಊರಿಗೆ ಹೊರಟವರ ಹಾಗೆ. ನಾನು ಅಪ್ಪನಿಗೂ ಗಿಡಕ್ಕೂ ನಡುವೆ ಹೋಗಿ ನಿಂತೆ.

"ಅಪ್ಪಾ, ಅತ್ತಿ ಹಚ್ಚಿಲ್ಲ. ನಿನ್ನ ಹಂಡೇದಾಗಿನ ಗಂಜಿ ನಾ ಹಚ್ಚೇನಿ. ನೀಲಿ ಇದ್ದದ್ದ ನನಗ ಕಂಡಿತ್ತು. ಕೇಳಲಿಲ್ಲ."

ಅಪ್ಪ ಕೊಡಲಿ ಕೆಳಗಿಟ್ಟು ಒಗೆಯುವ ಕಲ್ಲಿನ ಮೇಲೆ ಕೂತ. ಆಮೇಲೆ ನನ್ನನ್ನು ಬಿಟ್ಟು ಅತ್ತೆಯನ್ನು ಕೇಳಿದ, ನೀನು ಯಾಕೆ ನಿನ್ನ ಮೇಲೆ ಹಾಕಿಕೊಂಡೆ ಎಂದು.

"ಹುಡುಗಿ ಸಣ್ಣದೈತಿ, ನಿನ್ನ ಸಿಟ್ಟ ದೊಡ್ಡದೈತಿ," ಎಂದಳು ಅತ್ತೆ.

ಅವ್ವ ಅಡುಗೆಮನೆಯಿಂದಲೇ, ಮೈಲುತುತ್ತ ಹಾಕಿದ್ದನ್ನು ನಾವಿಬ್ಬರೂ ಮನೆಯವರಿಗೆ ಹೇಳದೆ ಇಟ್ಟದ್ದು ಯಾರ ತಪ್ಪು ಎಂದು ಗಟ್ಟಿಯಾಗಿ ಕೇಳಿದಳು. ಅವ್ವ ಅತ್ತೆಯ ಪರವಾಗಿ ಆಡಿದ ಮಾತು ನನ್ನ ನೆನಪಿನಲ್ಲಿ ಅದೇ ಮೊದಲನೆಯದು. ನಮ್ಮ ಪಡಸಾಲೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು: ಮಗ್ಗದಲ್ಲಿ ಎಳೆ ಹರಿದರೆ ಹರಿದವರೇ ಇಳಿದು ಹುಡುಕಿ ಗಂಟು ಹಾಕಬೇಕು, ಇನ್ನೊಬ್ಬರನ್ನು ಕರೆಯುವಂತಿಲ್ಲ. ಅಪ್ಪ ಅದನ್ನೇ ನನಗೂ ಹಚ್ಚಿದ. ಗಿಡ ಕೆಡಿಸಿದವಳು ನಾನು, ನೆಟ್ಟಗೆ ಮಾಡುವವಳೂ ನಾನೇ. ಮಾನೌಮಿ ಅಮಾವಾಸ್ಯೆಯವರೆಗೆ, ಎಂದರೆ ಇನ್ನೊಂದು ತಿಂಗಳು, ಗಿಡ ನಿಲ್ಲುತ್ತದೆ. ಆ ದಿನ ಒಂದು ಬಿಳಿ ಲಡಿಯನ್ನು ಮುಂಜಾನೆಯಿಂದ ಸಂಜೆಯವರೆಗೆ ಅದರ ಕೆಳಗೆ ತೂಗುಹಾಕುತ್ತಾನೆ. ಒಂದು ಚುಕ್ಕೆ ಬಿದ್ದರೂ ಕೊಡಲಿ. ಅತ್ತೆ ಸೀರೆ ಬದಲಿಸಲು ಒಳಗೆ ಹೋದಳು, ಆದರೆ ಟ್ರಂಕನ್ನು ಅಟ್ಟಕ್ಕೆ ಏರಿಸಲಿಲ್ಲ.

ಮರುದಿನವೇ ಏನಾದರೂ ಹಚ್ಚೋಣ ಎಂದು ನಾನು ಗಂಟುಬಿದ್ದೆ. ಅತ್ತೆ ಒಪ್ಪಲಿಲ್ಲ. ಸುಟ್ಟುಕೊಂಡ ಗಿಡಕ್ಕೆ ನೀರು ಬಿಟ್ಟು ಬೇರೇನೂ ಬೇಡ, ಕೈ ಕಟ್ಟಿಕೊಂಡು ಕೂರುವುದೂ ಒಂದು ಕೆಲಸ ಎಂದಳು. ಹತ್ತು ದಿನ ಹಾಗೇ ಕೂತೆ. ಆ ಹೊತ್ತಿಗೆ ತುಬಚಿಯಿಂದ ಅವ್ವನ ತಮ್ಮ, ನನ್ನ ಮಾಮಾ ಬಂದ. ದ್ರಾಕ್ಷಿ ಬೆಳೆಯುವವನು. ಮೈಲುತುತ್ತ ಇಷ್ಟು ಕೆಟ್ಟದ್ದಾದರೆ ನಿನ್ನ ದ್ರಾಕ್ಷಿಗೆ ಹೇಗೆ ಹೊಡೆಯುತ್ತೀ ಎಂದು ಅವನನ್ನು ತರುಬಿ ಕೇಳಿದೆ. ಅದು ಬರೀ ಹೊಡೆದರೆ ಎಲೆ ಸುಡುತ್ತದೆ, ಸುಣ್ಣದ ತಿಳಿ ಕೂಡಿಸಿದರೆ ಅದರ ಸಿಟ್ಟು ಇಳಿಯುತ್ತದೆ ಎಂದ. ಬೆರೆಸಿದ ನೀರಿನಲ್ಲಿ ತಿಕ್ಕಿದ ಕುಡುಗೋಲನ್ನು ಅದ್ದಿ ತೆಗೆದಾಗ ಕಬ್ಬಿಣದ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದು ಅರ್ಥವಂತೆ. ಅದೂ ಬೂಷ್ಟು, ಚುಕ್ಕೆ ರೋಗಕ್ಕೆ. ಹೇನಿಗೆ ಅದರಿಂದ ಏನೂ ಆಗುವುದಿಲ್ಲ ಎಂದು ನಕ್ಕ. ನಾನು ಹಚ್ಚಿದ್ದು ತಪ್ಪು ಮದ್ದು, ತಪ್ಪು ರೀತಿ, ತಪ್ಪು ಶತ್ರು. ಇಷ್ಟೂ ಒಂದೇ ಸಲಕ್ಕೆ ಮಾಡಿದ್ದೆ.

ಹದಿಮೂರನೆಯ ದಿನ ಬೋಳು ಕೊಂಬೆಗಳಲ್ಲಿ ಕೆಂಪು ಚಿಗುರು ಕಂಡಿತು. ನಾನು ಓಣಿಯೆಲ್ಲ ಕೇಳುವಂತೆ ಕೂಗಿದೆ. ಎಳೆ ಚಿಗುರು ಬಂದರೆ ಹಿಂದೆಯೇ ಹೇನು ಬರುತ್ತದೆ, ಬಂತು. ಈ ಸಲ ದಿನಾ ಮುಂಜಾನೆ ಸಾಲೆಗೆ ಮೊದಲು, ಸಂಜೆ ದೀಪಕ್ಕೆ ಮೊದಲು ಒಂದೊಂದು ತುದಿಯನ್ನೂ ನೋಡಿ, ಕಂಡ ಹೇನನ್ನು ಅಂಟುವಾಳದ ನೀರಲ್ಲಿ ಅದ್ದಿದ ಅರಿವೆಯಿಂದ ಒರೆಸುತ್ತಿದ್ದೆ. ಇರುವೆಗಳು ಸಿಹಿಯ ಆಸೆಗೆ ಹೇನುಗಳ ಕಾವಲಿಗೆ ನಿಲ್ಲುವುದನ್ನು ಅತ್ತೆ ತೋರಿಸಿಕೊಟ್ಟಳು. ಸೀರೆ ಅಂಚಿನ ಹರಕು ಪಟ್ಟಿಗೆ ಔಡಲೆಣ್ಣೆ ಸವರಿ ಬೊಡ್ಡೆಗೆ ಸುತ್ತಿದೆವು, ಇರುವೆ ಹತ್ತುವುದು ನಿಂತಿತು. ಒಂದು ದಿನ ಎಲೆಯ ಮೇಲೆ ಕಪ್ಪು ಬಣ್ಣದ, ಮೈಯೆಲ್ಲ ಮುಳ್ಳಿನಂಥ ವಿಕಾರ ಹುಳ ಕಂಡು ಹಿಸುಕಲು ಹೋದೆ. ಅತ್ತೆ ಕೈ ಹಿಡಿದು ನಿಲ್ಲಿಸಿ, ಸುಮ್ಮನೆ ನೋಡು ಎಂದಳು. ಅದು ನನ್ನ ಕಣ್ಣೆದುರಿಗೇ ಒಂದು ಹೇನನ್ನು ಹಿಡಿದು ತಿಂದಿತು, ಆಮೇಲೆ ಇನ್ನೊಂದನ್ನು. ಬೆನ್ನ ಮೇಲೆ ಕಪ್ಪು ಚುಕ್ಕೆ ಇರುವ ಚೆಂದದ ಕೆಂಪು ಹುಳದ ಮರಿ ಅದು. ಅಂದಿನಿಂದ ಆ ಎಲೆಗಳಿಗೆ ಅಂಟುವಾಳದ ನೀರು ಬಿಡಲಿಲ್ಲ. ನಾನೊಬ್ಬಳೇ ಮಾಡುತ್ತಿಲ್ಲ, ಜೊತೆಗೆ ಇವೂ ಇವೆ ಎಂದು ಧೈರ್ಯ ಬಂತು. ಅಮಾವಾಸ್ಯೆ ಹತ್ತಿರವಾದಂತೆ ಗಿಡ ಹಸಿರಾಯಿತು, ನನಗೆ ಮಾತ್ರ ಊಟ ಸೇರದಾಯಿತು.

ಮಾನೌಮಿ ಅಮಾವಾಸ್ಯೆಯ ಮುಂಜಾನೆ ಅಪ್ಪ ಸ್ನಾನ ಮಾಡಿ ಬಂದವನೇ ಹೊಸ ಬಿಳಿ ಲಡಿಯನ್ನು ದಾಸವಾಳದ ಕೆಳಗಿನ ಗಳಕ್ಕೆ ಹಾಕಿದ. ಇಡೀ ದಿನ ಮಗ್ಗದ ಸದ್ದಿಲ್ಲದ ಮನೆಯಲ್ಲಿ ಯಾರೂ ಆ ಕಡೆ ಹೋಗಲಿಲ್ಲ, ಎಲ್ಲರೂ ಆ ಕಡೆಗೇ ನೋಡುತ್ತಿದ್ದೆವು. ಅತ್ತೆ ಹೋಳಿಗೆ ಬಡಿಸಿದಳು, ತಾನು ಮುಟ್ಟಲಿಲ್ಲ. ಬಿಸಿಲು ಇಳಿಯುವ ಮೊದಲು ಅಪ್ಪ ಲಡಿ ತೆಗೆದು ಎರಡೂ ಕೈಯಲ್ಲಿ ಅಗಲಿಸಿ ಬೆಳಕಿಗೆ ಹಿಡಿದ. ಅತ್ತೆ ಅವನ ಬಲಕ್ಕೆ, ನಾನು ಎಡಕ್ಕೆ. ಒಂದು ಮಗ್ಗುಲು ನೋಡಿದ, ತಿರುವಿ ಇನ್ನೊಂದು ಮಗ್ಗುಲು ನೋಡಿದ. ಸ್ವಚ್ಛ ಐತಿ ಎಂದ. ಅತ್ತೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಲಡಿಯ ಕಟ್ಟಿನ ಹತ್ತಿರ, ಎಳೆಗಳ ನಡುವೆ, ಸಾಸಿವೆಯ ಅರ್ಧದಷ್ಟು ಒಂದು ಚುಕ್ಕೆ ಮಿನುಗುತ್ತಿತ್ತು. ನಾನು ಅದನ್ನು ನೋಡಿದೆ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು, ಅತ್ತೆ ಇರುತ್ತಿದ್ದಳು, ಗಿಡ ಇರುತ್ತಿತ್ತು. ಹೇಳಿದರೆ ಕೊಡಲಿ. ಆದರೆ ನಾಳೆ ಆ ಲಡಿ ಮಗ್ಗಕ್ಕೆ ಏರುತ್ತದೆ, ಚುಕ್ಕೆ ಕಪ್ಪಾಗುತ್ತದೆ, ಆಗ ನಾನು ಮತ್ತೊಮ್ಮೆ ಕಂಡೂ ಕೇಳದವಳಾಗುತ್ತೇನೆ. ಆ ತಿಂಗಳು ಪೂರ್ತಿ ನನ್ನನ್ನು ತಿಂದದ್ದು ಅದೇ. ಬೆರಳಿಟ್ಟು ತೋರಿಸಿದೆ.

"ಅಪ್ಪಾ, ಇಲ್ಲಿ ಒಂದ ಚುಕ್ಕಿ ಐತಿ."

ಅಪ್ಪ ಬಗ್ಗಿ ನೋಡಲೂ ಇಲ್ಲ. ಅತ್ತೆ ಸೆರಗು ಬಾಯಿಗೆ ಹಿಡಿದು ಅಲ್ಲೇ ಗಳದ ಬುಡದಲ್ಲಿ ಕುಸಿದು ಕೂತಳು. ಮುಧೋಳದಿಂದ ಬಂದ ದಿನವೂ ಅಳದವಳು ಅತ್ತುಬಿಟ್ಟಳು.

"ನನಗ ಕಂಡಿತ್ತು ತಮ್ಮಾ," ಎಂದಳು. "ಹೇಳಾಕ ಬಾಯಿ ಬರಲಿಲ್ಲ."

ಅಪ್ಪ ಲಡಿಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡ. ನಾಳೆಯಿಂದ ನೂಲು ಹಾಕುವ ಮೊದಲು ದಿನಾ ನಾನು ಗಿಡ ನೋಡಿ ಹೇಳಬೇಕು, ನಾನು ಹೇಳದೆ ಒಂದು ಲಡಿಯೂ ಹೊರಗೆ ಬರುವುದಿಲ್ಲ ಎಂದ. ಆಮೇಲೆ ಅಕ್ಕನ ತೋಳು ಹಿಡಿದು ಎಬ್ಬಿಸಿದ.

"ನನಗೂ ಕಂಡಿತ್ತು ಅಕ್ಕಾ. ಏಳ, ಊಟ ಮಾಡು."